ಇವ್ನಿ

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೂರನೇ ಪಾಳಿ.
ಕೆಳಗಿನ ಬೇಕರಿಯಲ್ಲಿ ನಾಳೆಯ ಬನ್ನಿಗೆ
ಹಿಟ್ಟು ನಾದುವ ಯಂತ್ರದ ಗುಡುಗುಡು,
ಮೇಲೆ ನಾವು ಮೂವರು,
ನಲವತ್ತಾರು ಹಡಗು.

ಕಡಲು ಎಷ್ಟು ದೂರ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.
ಕೇಳಿದರೆ ಹೇಳಿಯೇನು: ಸಂಪಾಜೆ ಘಾಟಿ ಇಳಿದು ಆರು ತಾಸು,
ಬಸ್ಸು ಕೆಡದಿದ್ದರೆ.
ಒಮ್ಮೆ ಹೋಗಿದ್ದೆ, ಹೈಸ್ಕೂಲಿನ ಟೂರು.
ಅವತ್ತು ಎಲ್ಲರ ಚಪ್ಪಲಿ ಕಾಯುವ ಸರದಿ
ನನ್ನದಾಗಿತ್ತು.

ಪರದೆಯಲ್ಲಿ ಹಡಗೆಂದರೆ ಹಸಿರು ತ್ರಿಕೋನ,
ಎಳ್ಳಿನಷ್ಟು.
ಎಂಬತ್ತು ಸಾವಿರ ಟನ್ ಅದಿರು ಹೊತ್ತ ಎಳ್ಳು.
ಎಷ್ಟು ಎಣ್ಣೆ ಕುಡಿಯಿತು, ಯಾವ ಸಿಲಿಂಡರು ಕಾದಿದೆ,
ಅಲೆ ಎಷ್ಟೆತ್ತರ, ಮುಂದಿನ ಬಂದರಿನಲ್ಲಿ ಸರದಿ ಎಷ್ಟುದ್ದ,
ಆದ್ದರಿಂದ ಎಷ್ಟು ತಡವಾಗಿ ಹೋದರೆ ಲಾಭ
ಎಲ್ಲ ಅದೇ ಲೆಕ್ಕ ಹಾಕಿ ಅದೇ ಹೇಳುತ್ತದೆ.
ನಾನು ‘ಸರಿ’ ಒತ್ತುತ್ತೇನೆ.
‘ಸರಿ’ ಒತ್ತುವುದಕ್ಕೇ ಸಂಬಳ.

ಹಡಗಿನ ಮೇಲ್ಕೋಣೆಯಲ್ಲಿ ಒಂದು ಗುಂಡಿ ಇದೆ.
ಹನ್ನೆರಡು ನಿಮಿಷಕ್ಕೊಮ್ಮೆ ಕೆಂಪು ದೀಪ ಮಿಣುಕುತ್ತದೆ,
ಕಾವಲಿನವನು ಎದ್ದು ಬಂದು ಒತ್ತಬೇಕು:
ಎಚ್ಚರ ಇದ್ದೇನೆ ಅಂತ.
ಒತ್ತದಿದ್ದರೆ ಕೂಗು, ಆಮೇಲೆ ಕ್ಯಾಪ್ಟನ್ನನ ತಲೆದಿಂಬಿನ ಪಕ್ಕ ಕೂಗು.
ನನಗೂ ಒಂದಿದೆ.
ಹತ್ತು ನಿಮಿಷ ಕೈ ಆಡದಿದ್ದರೆ ಪರದೆ ಕೇಳುತ್ತದೆ:
‘ನೀವು ಇದ್ದೀರಾ?’

ಅಪ್ಪ ಕೆನ್ನಾಳಿನಲ್ಲಿ ನೀರಗಂಟಿ.
ನಾಲೆಗೆ ನೀರು ಬಿಟ್ಟ ರಾತ್ರಿಗಳಲ್ಲಿ
ಮೇಲಿನ ತೂಬಿನಿಂದ ಕೆಳಗಿನ ತೂಬಿಗೆ ಕೂಗುತ್ತಿದ್ದ:
‘ಇದ್ದೀಯೇನ್ಲಾ ಜವರಾ?’
ಕತ್ತಲು ಕೊಂಚ ಯೋಚಿಸಿ ಹೇಳುತ್ತಿತ್ತು:
‘ಇವ್ನಿ ಕಣಣ್ಣೋ.’
ಹಾವು ಕಚ್ಚಿಲ್ಲ, ನಿದ್ದೆ ಹತ್ತಿಲ್ಲ, ನೀರು ಯಾರೂ ತಿರುವಿಲ್ಲ.
ಮೂರಕ್ಕೂ ಅದೊಂದೇ ಮಾತು.
ಹಗಲಲ್ಲಿ ಅವರಿಬ್ಬರೂ ಮಾತಾಡಿದ್ದು ನಾ ಕಾಣೆ.
ಬೀದಿ ಬೇರೆ.

ಈಗ ತೂಬಿಗೂ ಮೋಟಾರು. ಮಂಡ್ಯದ ಆಫೀಸಿನಲ್ಲಿ ಯಾರೋ ಬೆರಳಾಡಿಸಿದರೆ
ಇಲ್ಲಿ ಬಾಗಿಲೇಳುತ್ತದೆ.
ಅಪ್ಪನಿಗೆ ಬೇಜಾರೇನಿಲ್ಲ, ಸುಳ್ಳು ಹೇಳಲಾರೆ.
ಮಂಡಿನೋವು ಕಮ್ಮಿಯಾಗಿದೆ, ರಾತ್ರಿ ಮುದ್ದೆ ಬಿಸಿಯಾಗಿ ಉಣ್ಣುತ್ತಾನೆ.

ಮೊನ್ನೆ, ಎರಡೂ ನಲವತ್ತೆಂಟು.
ಲಂಕೆಯ ಕೆಳಗೆ, ಮೀನುದೋಣಿಗಳು ಸಾಸಿವೆ ಚೆಲ್ಲಿದಂತೆ ಇದ್ದ ಕಡೆ
ನನ್ನ ಒಂದು ಎಳ್ಳು ಹಳದಿಯಾಯಿತು.
ಕಾವಲಿಗಿದ್ದವನು ಸೆಕೆಂಡ್ ಆಫೀಸರ್, ಜೋವೆಲ್ ಮಗ್ಬಾನುವಾ.
ಪಟ್ಟಿಯಲ್ಲಿ ಹೆಸರು, ರಕ್ತದ ಗುಂಪು, ಬೂಟಿನ ಅಳತೆ.
ಮುಖ ಇಲ್ಲ.
ಗುಂಡಿ ಒತ್ತಿಲ್ಲ.
ಕಿತ್ತಳೆ.
‘ಕ್ಯಾಪ್ಟನ್ನಿಗೆ ತಿಳಿಸಲಾಗುತ್ತಿದೆ. ಸರಿ?’
ಸರಿ ಅನ್ನದಿದ್ದರೂ ತಿಳಿಸುತ್ತದೆ, ಅದು ಗೊತ್ತು.
ಬೆರಳು ಹಾಗೇ ನಿಂತಿತು.
ಗಂಟಲಿನಿಂದ, ನನ್ನದಲ್ಲದ ಗಂಟಲಿನಿಂದ, ಜೋರಾಗಿಯೇ ಬಂತು:
‘ಇದ್ದೀಯೇನ್ಲಾ?’

ಪಕ್ಕದ ಮುಬೀನಾ ಇಯರ್‌ಫೋನ್ ತೆಗೆದು ನೋಡಿದಳು.
ಕೆಳಗೆ ಹಿಟ್ಟಿನ ಯಂತ್ರ ನಿಂತಿತ್ತು.

ಹಸಿರು.

ಒಂದು ನಿಮಿಷಕ್ಕೆ ಪೆಟ್ಟಿಗೆಯಲ್ಲಿ ಒಂದು ಸಾಲು:
ಕಾಫಿ ಚೆಲ್ಲಿತು, ಒರೆಸುತ್ತಿದ್ದೆ, ಕ್ಷಮಿಸಿ.
ಅದರಡಿ ನನಗಾಗಿ ಮೂರು ಉತ್ತರ ಸಿದ್ಧ:
‘ಗಮನಿಸಲಾಗಿದೆ.’ ‘ಧನ್ಯವಾದ.’ ‘ಸರಿ.’
ಮೂರನ್ನೂ ಬಿಟ್ಟೆ.
ಬೇರೆ ಏನು ಬರೆಯಲಿ?
ಕೈ ಸುಟ್ಟಿತೇ ಎಂದೇ? ಅಲ್ಲಿ ಚಂದ್ರ ಇದ್ದಾನೆಯೇ ಎಂದೇ?
ನಾನಿರುವ ಊರಿಗೆ ಕಡಲಿಲ್ಲ, ಕನ್ನಂಬಾಡಿ ಕಟ್ಟೆ ಇದೆ ಎಂದೇ?
ಬರೆದೆ, ಅಳಿಸಿದೆ. ಮತ್ತೆ ಬರೆಯಲು ಕೂತೆ,
ಕೂತೇ ಇದ್ದೆ.

ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ
ಪರದೆ ಮಬ್ಬಾಗಿ ನನ್ನನ್ನೇ ಕೇಳಿತು:
‘ನೀವು ಇದ್ದೀರಾ?’

ಇವ್ನಿ, ಅಂದೆ.
ಅದಕ್ಕೆ ಆ ಮಾತು ಬರುವುದಿಲ್ಲ.
‘ಹೌದು’ ಅಂತ ಒಂದೇ ಗುಂಡಿ ಇತ್ತು.
ಒತ್ತಿದೆ.